ಓದುಗರ ಪ್ರಶ್ನೆ: ಲಂಡನ್ನಿಗೆ ಆರು ಗಂಟೆಯೋ, ಹನ್ನೊಂದೋ?

ಪ್ರಶ್ನೆ: ಮಗಳನ್ನು ನೋಡಲು ಜನವರಿಯಲ್ಲಿ ಲಂಡನ್ನಿಗೆ ಹೊರಟಿದ್ದೇವೆ. ಬೆಂಗಳೂರಿನಿಂದ ದೂರ 8,045 ಕಿ.ಮೀ., ವೇಗ ಗಂಟೆಗೆ 900 ಕಿ.ಮೀ. ಎಂದು ಫೋನು ತೋರಿಸುತ್ತದೆ. ಭಾಗಿಸಿದರೆ ಒಂಬತ್ತು ಗಂಟೆ. ಟಿಕೆಟ್ಟಿನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.50ಕ್ಕೆ ಇಳಿಯುವುದು ಎಂದಿದೆ. ಬರುವಾಗ ಮಧ್ಯಾಹ್ನ 1.30ಕ್ಕೆ ಹೊರಟರೆ ಮರುದಿನ ನಸುಕಿನ 4.45. ಯಾವುದು ಸರಿ? ಶಿವಮೊಗ್ಗದಿಂದಲೇ ವಿಮಾನ ಹತ್ತಿದರೆ ನಡುವೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಟಿಕೆಟ್ ಸರಿಯಾಗಿದೆ, ಆದರೆ ಅದರಲ್ಲಿರುವುದು ಎರಡು ಊರಿನ ಗಡಿಯಾರ. ಹೊರಡುವ ಹೊತ್ತು ಬೆಂಗಳೂರಿನದು, ಇಳಿಯುವ ಹೊತ್ತು ಲಂಡನ್ನಿನದು. ಜನವರಿಯಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಹೋಗುವಾಗ ಕಾಣುವ 5 ಗಂಟೆ 50 ನಿಮಿಷಕ್ಕೆ ಅದನ್ನು ಕೂಡಿಸಿ: 11 ಗಂಟೆ 20 ನಿಮಿಷ. ಬರುವಾಗಿನ 15 ಗಂಟೆ 15 ನಿಮಿಷದಿಂದ ಕಳೆಯಿರಿ: 9 ಗಂಟೆ 45 ನಿಮಿಷ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ವ್ಯತ್ಯಾಸ ನಾಲ್ಕೂವರೆ ಗಂಟೆ.

ನಿಮ್ಮ ಭಾಗಾಕಾರವೂ ತಪ್ಪಲ್ಲ, ಅಂಕಿಗಳ ಅರ್ಥ ಬೇರೆ. 8,045 ಎಂಬುದು ಭೂಮಿಯ ಮೈಮೇಲಿನ ಅತಿ ಹತ್ತಿರದ ಗೆರೆ. ಶಾಲೆಯ ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ. ಅದು ಕರಾಚಿಯ ಹತ್ತಿರದಿಂದ ಇರಾನ್, ಅಜರ್‌ಬೈಜಾನ್, ಕಪ್ಪು ಸಮುದ್ರ ದಾಟಿ ಉಕ್ರೇನಿನ ಮೇಲೆ ಹೋಗುತ್ತದೆ. ಉಕ್ರೇನಿನ ಆಕಾಶ 2022ರ ಫೆಬ್ರವರಿಯಲ್ಲೇ ನಾಗರಿಕ ವಿಮಾನಗಳಿಗೆ ಮುಚ್ಚಿತು. ಹಾಗಾಗಿ ಸುತ್ತು ತಪ್ಪಿದ್ದಲ್ಲ. ಘಾಟಿ ಕುಸಿದಾಗ ಬಸ್ಸು ಬೇರೆ ದಾರಿ ಹಿಡಿಯುವುದಿಲ್ಲವೇ, ಹಾಗೆ.

ಇನ್ನು 900 ಎಂಬುದು ಗಾಳಿಯೊಳಗಿನ ವೇಗ, ನೆಲದ ಮೇಲಿನದಲ್ಲ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಿನ ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಜೋರಾಗಿ. ಸರಾಸರಿ 50 ಕಿ.ಮೀ. ಗಾಳಿ ಹೋಗುವಾಗ ಎದುರಿಗೆ, ಬರುವಾಗ ಬೆನ್ನಿಗೆ ಸಿಕ್ಕರೂ ಎರಡು ಪಯಣಗಳ ನಡುವೆ ಒಂದು ಗಂಟೆ ಅಂತರ. ಇದರ ಮೇಲೆ, ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ: ರನ್‌ವೇಗೆ ಸಾಗುವುದು, ಏರುವುದು, ಇಳಿಯಲು ಸರದಿ ಕಾಯುತ್ತ ಮೇಲೆ ಸುತ್ತುವುದು, ಎಲ್ಲ ಸೇರಿ.

ಇನ್ನು ಸೋಗಾನೆಯ, ಅಂದರೆ ಶಿವಮೊಗ್ಗದ ವಿಮಾನ ನಿಲ್ದಾಣದ, ವಿಚಾರ. ಬೆಂಗಳೂರಿಗೆ ನೇರ ಗೆರೆ ಸುಮಾರು 240 ಕಿ.ಮೀ., ಅಲ್ಲಿಂದ ಹಾರುವ ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನಕ್ಕೆ ಒಂದು ಗಂಟೆಯ ಆಸುಪಾಸು. ದೂರ ಇಲ್ಲಿ ಲೆಕ್ಕಕ್ಕಿಲ್ಲ, ಮೋಡ ಮತ್ತು ಮಂಜು ಲೆಕ್ಕಕ್ಕುಂಟು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲನೆಯದು ತಡವಾದಾಗ ಮುಂದಿನ ವ್ಯವಸ್ಥೆ ಕಂಪನಿಯದು. ಬೇರೆ ಬೇರೆ ಟಿಕೆಟ್ಟಾದರೆ ನಷ್ಟ ನಿಮ್ಮದೇ; ಬ್ಯಾಗನ್ನೂ ಬೆಂಗಳೂರಿನಲ್ಲಿ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ನೀವು 1ರಲ್ಲಿ ಇಳಿದರೆ ಶಟಲ್ ಬಸ್ಸು ಹಿಡಿಯಬೇಕು. ಬೇರೆ ಟಿಕೆಟ್ಟಿಗೆ ಐದಾರು ಗಂಟೆ ಅಂತರ ಕನಿಷ್ಠ. ಆದರೆ ನಿಮ್ಮದು ಬೆಳಿಗ್ಗೆ 7ರ ವಿಮಾನ, ನಸುಕಿನ 4ಕ್ಕೆಲ್ಲ ಅಲ್ಲಿರಬೇಕು. ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ಸೋಗಾನೆಯ ವಿಮಾನ ರದ್ದಾದರೂ ಅಂದೇ ಹೊರಡುವ ರೈಲೋ ಬಸ್ಸೋ ಕೈಯಲ್ಲಿರುತ್ತದೆ.

ಕೇಳದಿದ್ದರೂ ಒಂದು ಮಾತು: ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಬಿಗಿಯಾಗಿ ಕಟ್ಟಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಮನೆಯ ತುಪ್ಪ ಮಾತ್ರ ಮನೆಯಲ್ಲೇ ಇರಲಿ. ಭಾರತದಿಂದ ತರುವ ಹಾಲಿನ ಪದಾರ್ಥವನ್ನು ಬ್ರಿಟನ್ ಒಳಗೆ ಬಿಡುವುದಿಲ್ಲ.