‘ಬಿಡ್ತು ಅನ್ನು’

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ಆಪ್ತಸಲಹೆಗೆ ನನ್ನ ಬಳಿ ಬಂದಿದ್ದು ನಿದ್ದೆಯ ತೊಂದರೆಗೆ. ವಯಸ್ಸು 34, ಇಬ್ಬರು ಮಕ್ಕಳು, ಗಂಡ ಸೈನ್ಯದಲ್ಲಿ. ‘ರಾತ್ರಿ ಎಚ್ಚರವಾದರೆ ಏನು ಮಾಡ್ತೀರಿ?’ ಎಂದು ಕೇಳಿದೆ. ‘ಪಾಲಿಸಿ ಓದ್ತೀನಿ ಮೇಡಂ’ ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಕೆ ಫೋನ್ ತೆಗೆದು ತೋರಿಸಿದರು. ಗಂಡ ಮಾಡಿಸಿದ್ದ ಎರಡು ಖಾಸಗಿ ಜೀವವಿಮೆಗಳು. ಮೊದಲನೆಯದರ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ಯುದ್ಧ ಅಥವಾ ಯುದ್ಧದಂಥ ಕಾರ್ಯಾಚರಣೆಯಲ್ಲಿ ಸಾವಾದರೆ ಹಣ ಕೊಡುವುದಿಲ್ಲ. ‘ಹಾಗಾದ್ರೆ ಇದು ಯಾಕೆ ಬೇಕಿತ್ತು?’ ಗಂಡನನ್ನು ಕೇಳಲು ಹೋದಾಗಲೆಲ್ಲ ಅವರದು ಒಂದೇ ಉತ್ತರ: ‘ಬಿಡ್ತು ಅನ್ನು.’ ಅಲ್ಲಿಗೆ ಮಾತು ಮುಗಿಯಿತು. ಪ್ರತಿ ರಜೆಯೂ ಜಗಳದಲ್ಲೇ ಕಳೆಯುತ್ತಿತ್ತು.

ಮುಂದಿನ ರಜೆಯಲ್ಲಿ ಇಬ್ಬರೂ ಬಂದರು. ಗಂಡ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಎದ್ದು ಹೋಗಲು ತಯಾರಾದವರ ಹಾಗೆ. ‘ಸಾವಿನ ಮಾತು ಬೇಡ. ಕಾಗದದ ಮಾತು ಮಾತ್ರ ಆಡೋಣ’ ಎಂದೆ. ಸ್ವಲ್ಪ ಸಡಿಲವಾದರು.

ನಾನು ವಿಮೆ ತಜ್ಞೆ ಅಲ್ಲ. ಆದರೆ ಸೈನಿಕರ ಮನೆಗಳ ಜೊತೆ ಕೆಲಸ ಮಾಡುತ್ತಾ ಒಂದಷ್ಟು ಕಲಿತಿದ್ದೇನೆ. ಸಾವುಗಳು ಅಲ್ಲೊಂದು ಇಲ್ಲೊಂದು ಆಗುತ್ತವೆ ಎಂಬ ಲೆಕ್ಕದ ಮೇಲೆ ವಿಮೆ ನಡೆಯುತ್ತದೆ. ಯುದ್ಧ ಆ ಲೆಕ್ಕವನ್ನೇ ಕೆಡಿಸುತ್ತದೆ. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಖಾಸಗಿ ಕಂಪನಿಗಳು ಸೈನಿಕರನ್ನು ದೂರ ಇಟ್ಟವು, ಇಲ್ಲವೇ ಕೈಗೆಟುಕದ ಪ್ರೀಮಿಯಂ ಕೇಳಿದವು. ಕೊನೆಗೆ 1917ರಲ್ಲಿ ಅಲ್ಲಿನ ಸರ್ಕಾರವೇ 10,000 ಡಾಲರ್‌ವರೆಗೆ ವಿಮೆ ಕೊಡಲು ಶುರು ಮಾಡಿತು. ಪಾಲಿಸಿಯಲ್ಲಿ ಆ ಸಾಲು ಬರೆದವರು ಇವರ ಮೇಲೆ ಹಗೆ ಸಾಧಿಸಿ ಬರೆದಿಲ್ಲ ಎಂದು ಆಕೆಗೆ ಗೊತ್ತಾಗಬೇಕಿತ್ತು, ಅದಕ್ಕೇ ಇದನ್ನು ಹೇಳಿದೆ. ಎಲ್ಲ ಕಂಪನಿಗಳೂ ಆ ಸಾಲು ಹಾಕುವುದಿಲ್ಲ. ಹಾಕಿದವರಲ್ಲೂ ಕೆಲವರು ಅಪಘಾತದ ಹೆಚ್ಚುವರಿ ಹಣಕ್ಕೆ ಮಾತ್ರ ಅನ್ವಯಿಸುತ್ತಾರೆ, ಮೂಲ ಮೊತ್ತಕ್ಕೆ ಅಲ್ಲ. ಏಜೆಂಟ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎರಡೂ ಕಂಪನಿಗೆ ಬರೆದು ಕೇಳಿ, ಉತ್ತರವೂ ಬರಹದಲ್ಲೇ ಬರಲಿ ಎಂದೆ.

ಆಮೇಲೆ ನಾಮಿನಿ, ಅಂದರೆ ವಿಮೆಯ ಹಣ ಯಾರ ಕೈಗೆ ಸೇರಬೇಕು ಎಂದು ಪಾಲಿಸಿಯಲ್ಲಿ ಬರೆಸುವ ಹೆಸರು. ಮೊದಲ ಪಾಲಿಸಿ ಮದುವೆಗೆ ಮುಂಚಿನದು, ಅದರಲ್ಲಿ ಇದ್ದದ್ದು ತಾಯಿಯ ಹೆಸರು. ಕೋಣೆಯಲ್ಲಿ ಸದ್ದೇ ಇಲ್ಲ. ನಿದ್ದೆ ಕೆಡಿಸಿದ ಮುಳ್ಳು ಇದೇ ಎಂದು ನನಗೆ ಅನ್ನಿಸಿತು. ‘ಅಮ್ಮನ ಹೆಸರು ತೆಗೀಬೇಕಾ?’ ಎಂದು ಅವರು ಮೆಲ್ಲಗೆ ಕೇಳಿದರು. ‘ತೆಗೀರಿ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ ರೀ?’ ಎಂದು ಆಕೆ ಅತ್ತರು. ಸಾಮಾನ್ಯವಾಗಿ ಒಂದೇ ಪಾಲಿಸಿಗೆ ಒಬ್ಬರಿಗಿಂತ ಜಾಸ್ತಿ ಹೆಸರು ಕೊಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಇದು ಇಬ್ಬರಿಗೂ ಗೊತ್ತಿರಲಿಲ್ಲ. ಎಷ್ಟು ವರ್ಷ ಸುಮ್ನೆ ನೊಂದಿದ್ದರು!

ಉಳಿದದ್ದು ಬೇಗ ಆಯಿತು. ಸೈನಿಕರಿಗೆಲ್ಲ ಒಟ್ಟಾಗಿ ಇರುವ ಸೈನ್ಯದ ಗುಂಪು ವಿಮೆ ನೌಕರಿಯ ಜೊತೆಗೇ ಮುಗಿಯಬಹುದು, ಆಗ ವಯಸ್ಸಾಗಿರುತ್ತದೆ, ಹೊಸ ಪಾಲಿಸಿ ದುಬಾರಿ. ಹಾಗಾಗಿ ಖಾಸಗಿ ವಿಮೆ ಪೂರ್ತಿ ಬೇಡ ಎನ್ನುವುದೂ ತಪ್ಪು. ಹೊಸದು ಜಾರಿಗೆ ಬರುವ ತನಕ ಹಳೆಯದನ್ನು ನಿಲ್ಲಿಸಬಾರದು. ಅರ್ಜಿಯಲ್ಲಿ ಕೆಲಸ ಏನು, ಎಲ್ಲಿ ಎಂದು ಮುಚ್ಚಿಡಬಾರದು, ಮುಚ್ಚಿಟ್ಟರೆ ಕ್ಲೇಮ್ ಬಿದ್ದುಹೋಗಬಹುದು. ಪ್ರೀಮಿಯಂ ಗಂಡನ ಖಾತೆಯಿಂದ ಹೋಗುತ್ತಿತ್ತು. ನೆಟ್‌ವರ್ಕ್ ಇಲ್ಲದ ಪೋಸ್ಟಿಂಗ್‌ನಲ್ಲಿ ಒಂದು ಕಂತು ತಪ್ಪಿದರೂ ಗೊತ್ತಾಗುವುದಿಲ್ಲ. ಅದನ್ನು ಆಕೆಯ ಖಾತೆಗೆ ಬದಲಿಸಲು ಹೇಳಿದೆ.

ಆಕೆಗೆ ಬೇರೆಯಾಗಿ ಒಂದು ಮಾತು ಹೇಳಿದೆ: ಪಾಲಿಸಿಯನ್ನು ರಾತ್ರಿ ಓದಬೇಡಿ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಅದಕ್ಕೆ ಇಡಿ, ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆಯಿರಿ. ಭಯ ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಗಂಡ ಗಡಿಯಲ್ಲಿರುವಾಗ ಅದು ಸುಳ್ಳಾಗುತ್ತಿತ್ತು.

ಎರಡು ತಿಂಗಳ ನಂತರ ವಿಡಿಯೋ ಕರೆಯಲ್ಲಿ ಸಿಕ್ಕರು, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಉತ್ತರಗಳು ಬಂದಿದ್ದವು. ಮೊದಲನೆಯದರಲ್ಲಿ ಯುದ್ಧದ ಸಾವಿಗೆ ಹಣ ಇಲ್ಲ, ಎರಡನೆಯದರಲ್ಲಿ ಇದೆ. ತಾಯಿಯ ಹೆಸರು ಉಳಿದಿತ್ತು, ಪಕ್ಕದಲ್ಲಿ ಹೆಂಡತಿಯದೂ ಸೇರಿತ್ತು. ನಿದ್ದೆ ಪರವಾಗಿಲ್ಲ ಎಂದರು ಆಕೆ.

ನಾನು ಗಂಡನನ್ನು ಕೇಳಿದೆ: ‘ಇವರ ಹೆಸರಲ್ಲಿ ಎಷ್ಟು ವಿಮೆ ಇದೆ? ಇವರಿಗೆ ಏನಾದ್ರೂ ಆದರೆ ಮಕ್ಕಳನ್ನು ನೋಡಿಕೊಳ್ಳಲು ನೀವು ನೌಕರಿ ಬಿಟ್ಟು ಬರಬೇಕಾಗುತ್ತೆ ಅಲ್ವಾ?’

ಒಂದು ಪೈಸೆಯೂ ಇರಲಿಲ್ಲ. ಅವರು ಪರದೆಯಲ್ಲಿ ಹೆಂಡತಿಯನ್ನೇ ನೋಡುತ್ತಾ ಕೂತರು. ಆಕೆಗೆ ನಗು ಬಂತು. ‘ಬಿಡ್ತು ಅನ್ನಿ’ ಎಂದರು.