ಯುಗಾದಿಯ ಚಿಗುರು, ದೀಪಾವಳಿಯ ಎಲೆ

ಪ್ರಿಯ ಲೇಖಕರಿಗೆ, ನಮಸ್ಕಾರ.

ಪಾವಗಡದ ಬೇವು ದೇವರಾಯನದುರ್ಗದ ತಪ್ಪಲಿನ ಬೇವಿಗಿಂತ ಕಹಿ, ಅದಕ್ಕೆ ಬರವೇ ಕಾರಣ ಎನ್ನುವ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ.

ಮೊದಲ ಪುಟದ ‘ಪ್ರಕೃತಿ ಮಾತೆಯ ರಸಾಯನಶಾಲೆ’ ಹೋಗಲಿ. ಪಾವಗಡದ ಸೌರ ವಿದ್ಯುತ್ ಪಾರ್ಕಿನ ವರ್ಣನೆಯೂ ಹೋಗಲಿ. ಅದು 2,050 ಮೆಗಾವಾಟಿನದಾದರೆ ಬೇವಿಗೇನು?

ದೇವರಾಯನದುರ್ಗದ ಎಲೆಯನ್ನು ಯುಗಾದಿಗೆ ಕೊಯ್ದಿದ್ದೀರಿ, ಪಾವಗಡದ್ದನ್ನು ದೀಪಾವಳಿಗೆ. ಆರನೆಯ ಪುಟದಲ್ಲಿ ಅಡಗಿರುವ ಈ ಒಂದು ಸಾಲು ಇಡೀ ವಾದವನ್ನು ಕೆಡವುತ್ತದೆ. ಯುಗಾದಿಯಲ್ಲಿ ಬೇವಿನ ಮೈತುಂಬ ಕೆಂಚು ಚಿಗುರು. ಎಳೆಯ ಎಲೆಯಲ್ಲಿ ಸಾರಜನಕ, ರಂಜಕ ಹೆಚ್ಚು. ಬಲಿತಂತೆ ನಾರು, ಕ್ಯಾಲ್ಸಿಯಂ ಏರುತ್ತವೆ. ಉದುರುವ ಮುನ್ನ ಮರವು ಸಾರಜನಕದ ದೊಡ್ಡ ಪಾಲನ್ನು ಕೊಂಬೆಗೆ ಹಿಂದೆಗೆದುಕೊಳ್ಳುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಎಲೆಗೂ ಒಳಗಿನ ನೆರಳಿನ ಎಲೆಗೂ ಒಗರಿನ ಅಂಶ ಬೇರೆ. ಮೇಲಾಗಿ ನಿಮ್ಮ ಪಾವಗಡದ ಮರ ಕಡಲೆಕಾಯಿ ಹೊಲದ ಬದುವಿನಲ್ಲಿದೆ. ತಾನಾಗಿ ಹುಟ್ಟಿದ್ದೇ ಇರಬಹುದು, ಆದರೆ ಅದರ ಬೇರು ಹೊಲದ ಗೊಬ್ಬರವನ್ನು ಹೀರುತ್ತಿದ್ದರೆ ಅದನ್ನು ಕಾಡುಮರವೆಂದು ಹೇಗೆ ಕರೆಯುವುದು? ಇಷ್ಟೆಲ್ಲ ಬಿಟ್ಟು ಬರವೊಂದನ್ನೇ ಹಿಡಿದುಕೊಂಡಿದ್ದೀರಿ. ಬರದ ಗುರುತು ಬೇಕಿದ್ದರೆ ನಾಲಗೆ ಸಾಲದು. ನೀರಿನ ಕೊರತೆಯಾದಾಗ ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಗ ಎಲೆಯಲ್ಲಿ ಇಂಗಾಲದ ಭಾರವಾದ ರೂಪ, ಇಂಗಾಲ-13ರ ಪಾಲು ತುಸು ಏರುತ್ತದೆ. ಅದನ್ನು ಅಳೆಯಲು ಪ್ರಯೋಗಾಲಯವೇ ಬೇಕು.

2004ರ ಅಧ್ಯಯನವನ್ನು ಸರಿಯಾಗಿಯೇ ಉಲ್ಲೇಖಿಸಿದ್ದೀರಿ: ಸಮಭಾಜಕದತ್ತ, ಬಿಸಿ ಹೆಚ್ಚಿದಂತೆ, ಎಲೆಯ ಸಾರಜನಕ ಮತ್ತು ರಂಜಕ ಕುಗ್ಗುತ್ತವೆ. ಆದರೆ ಅದು ಭೂಮಿಯ 452 ತಾಣಗಳ 1,280 ಸಸ್ಯ ಪ್ರಭೇದಗಳನ್ನು ಒಟ್ಟಿಗೆ ನೋಡಿದಾಗ ಕಂಡ ಒಲವು. ಒಂದೇ ಜಿಲ್ಲೆಯ ಎರಡು ಬೇವಿನ ಮರಗಳ ಜಗಳವನ್ನು ಅದು ತೀರಿಸುವುದಿಲ್ಲ.

ಇಷ್ಟು ಒರಟಾಗಿ ಬರೆಯಲು ಕಾರಣ ನಿಮ್ಮ ಕುರಿಗಾಹಿ. ಮೇಕೆ ಯಾವ ಮರದ ಸೊಪ್ಪನ್ನು ಮೂಸಿ ಬಿಡುತ್ತದೆ, ಯಾವುದನ್ನು ಹಿಂಗಾಲಲ್ಲಿ ನಿಂತು ಎಳೆಯುತ್ತದೆ ಎಂದು ಆತ ತೋರಿಸುವ ಅರ್ಧ ಪುಟವನ್ನು ಎರಡು ಬಾರಿ ಓದಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಆತನ ಮಾತನ್ನು ವಿಜ್ಞಾನದಿಂದ ಸಮರ್ಥಿಸಲು ಹೋಗಬೇಡಿ, ಪ್ರಶ್ನೆಯಾಗಿಯೇ ಇಡಿ.

ಮುಂದಿನ ಸಲ ಎರಡೂ ಕಡೆಯ ಎಲೆಯನ್ನು ಒಂದೇ ವಾರ, ಒಂದೇ ಎತ್ತರದ ಬಿಸಿಲುಕೊಂಬೆಯಿಂದ ಕೊಯ್ಯಿರಿ. ವ್ಯತ್ಯಾಸ ಹುಟ್ಟಿನದೋ ನೆಲದ್ದೋ ತಿಳಿಯಬೇಕಿದ್ದರೆ ಎರಡೂ ಕಡೆಯ ಬೀಜವನ್ನು ಒಂದೇ ಮಡಿಯಲ್ಲಿ ಬಿತ್ತಿ. ಹಣ್ಣು ಉದುರಿದ ಕೂಡಲೇ ಬಿತ್ತಬೇಕು, ಬೇವಿನ ಬೀಜ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಸಸಿ ಬೆಳೆಯುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಕುರಿಗಾಹಿಯ ಭಾಗವನ್ನು ಈಗಲೇ ತಿದ್ದಿ ಕಳಿಸಿ.

ಇಂತಿ,
ಸಂಪಾದಕ