ಹಸುವಿನ ಮೇಲೆ ಗೂಬೆ ಕೂರಿಸಬೇಡಿ

ನಮಸ್ಕಾರ. ಮಕ್ಕಳಿಗೂ ಕರುಗಳಿಗೂ ಭೇದಿ ತರುವ ರೋಟಾವೈರಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ, ತುಂಬ ಓದಿಕೊಂಡಿದ್ದೀರಿ. ಆದರೆ ಒಂದು ಸಾಲು ನನಗೆ ಸಿಟ್ಟು ತರಿಸಿತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಕುತಂತ್ರಿ ವೈರಸ್ ವೇಷ ಬದಲಿಸಿ ಹಸುವಿನಿಂದ ಮಗುವಿನ ಮೇಲೆ ದಾಳಿ ಮಾಡುತ್ತದೆ.’

ಕುತಂತ್ರ ಎಲ್ಲಿಂದ ಬಂತು? ಈ ವೈರಸ್ಸಿನ ಜೀನುಗಳು 11 ಬಿಡಿ ತುಂಡುಗಳಲ್ಲಿವೆ. ದನದ ತಳಿಯೊಂದು, ಮನುಷ್ಯರ ತಳಿಯೊಂದು ಒಂದೇ ಜೀವಕೋಶದೊಳಗೆ ಸೇರಿದರೆ ತುಂಡುಗಳು ಅದಲುಬದಲಾಗಬಹುದು. ಎರಡು ಕಟ್ಟು ಇಸ್ಪೀಟು ಕಲಸಿ ಹಂಚಿದ ಹಾಗೆ. ಇದರಲ್ಲಿ ಯಾರ ಉಪಾಯವೂ ಇಲ್ಲ. ಇಷ್ಟು ಸೊಗಸಾದ ಸಂಗತಿಯನ್ನು ಆ ಒಂದು ಪದ ನುಂಗಿಹಾಕಿದೆ.

‘ವೇಷ’ ಅಂದಿರಿ, ಮುಂದಿನ ಸಾಲಿನಲ್ಲೇ ಜಿ10ಪಿ[11] ಅಂತ ಬರೆದು ಮುಂದೆ ಹೋದಿರಿ. ಓದುಗ ಏನು ತಿಳಿಯಬೇಕು? ಜಿ, ಪಿ ಅಂದರೆ ವೈರಸ್ಸಿನ ಹೊರಕವಚದ ಎರಡು ಪ್ರೋಟೀನುಗಳ ಬಗೆ. ಇದಕ್ಕೆ ಒಂದು ಸಾಲು ಸಾಕಿತ್ತು.

ಇನ್ನು ‘ದಾಳಿ’. ನೀವೇ ಕೊಟ್ಟ ಉದಾಹರಣೆ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕ ಐ321 ತಳಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ ತಳಿ ಅದು. 11ರಲ್ಲಿ 9 ತುಂಡು ದನದ ವೈರಸ್ಸಿನವು, ಎರಡು ಮಾತ್ರ ಮನುಷ್ಯರದ್ದರಿಂದ ಬಂದವು. ಆದರೆ ಆ ಕೂಸುಗಳಿಗೆ ಭೇದಿಯೇ ಆಗಿರಲಿಲ್ಲ. ಇದಲ್ವಾ ನಿಜವಾದ ಅಚ್ಚರಿ? ಅದನ್ನು ನೀವು ಹೇಳಲೇ ಇಲ್ಲ.

ನಾನು ಕೆಲಸ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ. ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ದರು. ವಾಂತಿಭೇದಿ ಸುದ್ದಿ ಬಂದರೆ ‘ಮಾರಿ’, ‘ಅಟ್ಟಹಾಸ’ ಎಲ್ಲ ಹೊಡೆದು ಹಾಕಿ, “ಯಾವ ಬಾವಿ? ನೀರು ಪರೀಕ್ಷೆ ಮಾಡಿದವರು ಯಾರು? ಅದು ಹೇಳಿ” ಅನ್ನುವರು. ಆ ಬಾವಿಯ ನೀರು ಕುಡಿಯುವವರೇ ಮರುದಿನ ನಮ್ಮ ಪತ್ರಿಕೆ ಓದುತ್ತಾರೆ ಅನ್ನುವುದು ಅವರ ತಲೆಯಲ್ಲಿ ಯಾವಾಗಲೂ ಇರುತ್ತಿತ್ತು. ನಿಮ್ಮ ಲೇಖನ ಓದುವಾಗ ನನಗೂ ಹಿತ್ತಲಲ್ಲಿ ಹಸು ಕಟ್ಟಿರುವ ತಾಯಂದಿರೇ ಕಣ್ಮುಂದೆ ಬಂದರು. ಅವರು ಸುಮ್ನೆ ಹೆದರಿ ಹಸು ಮಾರಬೇಕೇ? ಮಕ್ಕಳಿಗೆ ಭೇದಿ ತರುವುದು ಹೆಚ್ಚಾಗಿ ಮನುಷ್ಯರ ನಡುವೆಯೇ ಹರಡುವ ತಳಿಗಳು. ಇದು ನಿಮಗೂ ಗೊತ್ತು, ಮೂರನೇ ಪುಟದಲ್ಲಿ ಬರೆದೂ ಇದ್ದೀರಿ.

ದೆಹಲಿಯ ನವಜಾತ ಶಿಶುಗಳಲ್ಲಿ ಸಿಕ್ಕ 116ಇ ತಳಿಯನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ಅದರಲ್ಲೂ ದನದ ವೈರಸ್ಸಿನ ಒಂದು ತುಂಡಿದೆ. ರೋಟಾವ್ಯಾಕ್ ಲಸಿಕೆ ತಯಾರಾದದ್ದು ಅದರಿಂದಲೇ. 2016ರಲ್ಲಿ ಅದು ಸರ್ಕಾರಿ ಲಸಿಕೆ ಕಾರ್ಯಕ್ರಮ ಸೇರಿತು. ಈ ಭಾಗ ಮುಂದಕ್ಕೆ ತನ್ನಿ, ಐ321ರ ಪಕ್ಕದಲ್ಲೇ ಇಡಿ.

ತಿದ್ದಿ ಕಳಿಸಿ, ಖಂಡಿತ ಹಾಕುತ್ತೇನೆ. ಲಸಿಕೆಯ ಹನಿ ಹಾಕುವುದು 6, 10, 14ನೇ ವಾರಕ್ಕೆ ಅನ್ನುವುದನ್ನೂ ಸೇರಿಸಿ. ಇಡೀ ಲೇಖನದಲ್ಲಿ ಅದು ಎಲ್ಲೂ ಇಲ್ಲ.